ಗಂಟಿಲ್ಲ, ಅಂಟಿಲ್ಲ: ತೆಂಗಿನ ಗರಿಯ ಆಟಿಕೆಗಳು

ಬೇಸಿಗೆ ರಜೆ ಶುರುವಾಗಿ ನಾಲ್ಕು ದಿನ ಕಳೆಯುವಷ್ಟರಲ್ಲಿ ಮನೆಯಲ್ಲಿ ಕೇಳಿಬರುವ ಮಾತು ಒಂದೇ: "ಅಮ್ಮಾ, ಈಗ ಏನು ಮಾಡ್ಲಿ?" ಹೊರಗೆ ಬಿಸಿಲು. ಟಿವಿ ಸಾಕಾಗಿದೆ, ಮೊಬೈಲು ಕೊಡಲು ಮನಸ್ಸಿಲ್ಲ. ಅಂಗಡಿಯಿಂದ ತಂದ ಕರಕುಶಲದ ಡಬ್ಬಿ ಒಂದು ಮಧ್ಯಾಹ್ನಕ್ಕೆ ಖಾಲಿಯಾಗುತ್ತದೆ. ಅದರಲ್ಲಿ ಎಲ್ಲವನ್ನೂ ಮೊದಲೇ ಕತ್ತರಿಸಿಟ್ಟಿರುವುದರಿಂದ ಮಗುವಿಗೆ ಉಳಿಯುವುದು ಅಂಟಿಸುವ ಕೆಲಸ ಮಾತ್ರ. ಇಂಥ ಮಧ್ಯಾಹ್ನಗಳಿಗೆ ನಮ್ಮ ಹಿತ್ತಲಲ್ಲೇ ಒಂದು ಹಳೆಯ ವಿದ್ಯೆ ಇದೆ. ಅದಕ್ಕೆ ಬೇಕಾದದ್ದು ಒಂದು ತೆಂಗಿನ ಗರಿ, ಹತ್ತು ಬೆರಳು ಮತ್ತು ಪಕ್ಕದಲ್ಲಿ ಕೂತು ತೋರಿಸಿಕೊಡುವ ಒಬ್ಬರು. ಅಂಟು ಬೇಡ, ದಾರ ಬೇಡ, ಗಂಟು ಕೂಡ ಬೇಡ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಈ ಕುಶಲಕಲೆಯ ಸೊಗಸೆಲ್ಲ ಅದರಲ್ಲೇ ಇದೆ.

ಮೊದಲು ಗರಿಯನ್ನೇ ನೋಡೋಣ. ಚೆನ್ನಾಗಿ ಬೆಳೆದ ತೆಂಗಿನ ಮರ ಹೆಚ್ಚುಕಡಿಮೆ ತಿಂಗಳಿಗೊಂದು ಹೊಸ ಗರಿ ಬಿಡುತ್ತದೆ, ಅಂದರೆ ವರ್ಷಕ್ಕೆ ಸುಮಾರು 12. ಒಂದೊಂದು ಗರಿಯೂ ಎರಡೂವರೆ ಮೂರು ವರ್ಷ ಮರದಲ್ಲಿದ್ದು, ಒಣಗಿ, ತಾನಾಗಿ ಕೆಳಗೆ ಬೀಳುತ್ತದೆ. ಆದ್ದರಿಂದ ಮರದ ತಲೆಯಲ್ಲಿ ಯಾವಾಗಲೂ ಮೂವತ್ತರ ಆಸುಪಾಸು ಗರಿಗಳಿರುತ್ತವೆ. ನಾಲ್ಕರಿಂದ ಆರು ಮೀಟರ್ ಉದ್ದದ ಒಂದು ಗರಿಯಲ್ಲಿ ಇನ್ನೂರಕ್ಕೂ ಹೆಚ್ಚು ಎಲೆಗಳು. ತಿಪಟೂರು, ಅರಸೀಕೆರೆ ಕಡೆ ಇದನ್ನು ಗರಿ ಎನ್ನುತ್ತಾರೆ, ಕರಾವಳಿಯಲ್ಲಿ ಮಡಲು. ಎಲೆಯ ನಡುವಿನ ಗಟ್ಟಿ ಎಳೆ ಎಲ್ಲ ಕಡೆಯೂ ಕಡ್ಡಿಯೇ. ಆ ಕಡ್ಡಿಗಳನ್ನೆಲ್ಲ ಒಟ್ಟುಮಾಡಿ ಕಟ್ಟಿದರೆ ಬಯಲುಸೀಮೆಯಲ್ಲಿ ಪೊರಕೆ, ಕರಾವಳಿಯಲ್ಲಿ ಹಿಡಿಸೂಡಿ. ಬುಡದ ಅಗಲವಾದ ಮಟ್ಟೆ ಹುಡುಗರ ಕೈಯಲ್ಲಿ ಕ್ರಿಕೆಟ್ ಬ್ಯಾಟಾಗುತ್ತದೆ.

ಎಲೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಇನ್ನೂ ಹಲವು ಸಂಗತಿಗಳು ಕಾಣುತ್ತವೆ. ಮಾವಿನೆಲೆಯ ನರಗಳು ಬಲೆಯಂತೆ ಹರಡಿರುತ್ತವೆ. ತೆಂಗಿನೆಲೆಯ ನರಗಳು ಬುಡದಿಂದ ತುದಿಯವರೆಗೆ ಒಂದರ ಪಕ್ಕ ಒಂದು ನೇರವಾಗಿ ಓಡುತ್ತವೆ. ಹಾಗಾಗಿ ಉಗುರಿನಿಂದ ಒಂದು ಗೀರು ಹಾಕಿ ಎಳೆದರೆ ಸಾಕು, ಕತ್ತರಿಯ ಹಂಗಿಲ್ಲದೆ ಎಲೆ ನೇರವಾಗಿ ಸೀಳುತ್ತದೆ. ಅಗಲ ಎಷ್ಟು ಬೇಕೋ ಅಷ್ಟೇ ಪಟ್ಟಿ ಸಿಗುತ್ತದೆ. ಮೇಲ್ಮೈಯಲ್ಲಿ ಮೇಣದ ಹೊಳಪು, ಕೆಳಮೈ ಮಂಕು. ಮಡಿಸಿದರೆ ಮಡಿಕೆ ನಿಲ್ಲುತ್ತದೆ, ಆದರೆ ಪೂರ್ತಿ ಸೋಲುವುದಿಲ್ಲ. ಬಿಟ್ಟರೆ ಸ್ವಲ್ಪ ಮೇಲೇಳುತ್ತದೆ. ಮಡಿಸಿದ ಎಲೆ ಹೀಗೆ ಹಿಂದಕ್ಕೆ ಚಿಮ್ಮಲು ನೋಡುತ್ತಲೇ ಇರುವುದರಿಂದ ಅದು ಪಕ್ಕದ ಎಲೆಯನ್ನು ಒತ್ತಿ ಹಿಡಿಯುತ್ತದೆ. ಆ ಒತ್ತಡ ಮತ್ತು ಎರಡು ಎಲೆಗಳ ನಡುವಿನ ಉಜ್ಜುವಿಕೆ, ಇವೆರಡೇ ಇಲ್ಲಿ ಅಂಟೂ ಹೌದು, ದಾರವೂ ಹೌದು.

ಯಾವ ಗರಿ ತರಬೇಕು ಎನ್ನುವುದರಲ್ಲಿ ಎಚ್ಚರ ಬೇಕು. ಸುಳಿಯ ಎಳೆಗರಿ ಹಳದಿ ಬಿಳುಪಾಗಿ, ಬಟ್ಟೆಯಷ್ಟು ಮೆತ್ತಗೆ ಮಣಿಯುತ್ತದೆ. ತುಳುನಾಡಿನ ಭೂತಕೋಲದಲ್ಲಿ ಸೊಂಟಕ್ಕೆ ಕಟ್ಟುವ ತೆಂಗಿನ ಸಿರಿ ಈ ಎಳೆಗರಿಯದೇ. ಕೆಲಸಕ್ಕೆ ಅದು ಎಲ್ಲಕ್ಕಿಂತ ಸುಲಭ ನಿಜ. ಆದರೆ ಆಟಿಕೆಗಾಗಿ ಮರದ ಸುಳಿಗೆ ಕೈ ಹಾಕುವುದು ಸರಿಯಲ್ಲ. ಹೊಸ ಗರಿ, ಹೊಸ ಹೊಂಬಾಳೆ ಎಲ್ಲ ಬರಬೇಕಾದದ್ದು ಅಲ್ಲಿಂದಲೇ. ಕೆಳಗಿನ ಸುತ್ತಿನ, ಇನ್ನೂ ಹಸಿರಾಗಿರುವ ಒಂದು ಗರಿ ನಮಗೆ ಧಾರಾಳವಾಗಿ ಸಾಕು. ಮಳೆಗಾಲಕ್ಕೆ ಮುಂಚೆ ಕಾಯಿ ಕೀಳುವವರು ಬಂದು ಮರದ ತಲೆ ಶುಚಿ ಮಾಡುವ ಕಾಲವೇ ಮಕ್ಕಳ ರಜೆಯ ಕಾಲವೂ ಆಗಿರುವುದು ನಮ್ಮ ಅನುಕೂಲ. ಅಪಾರ್ಟ್‌ಮೆಂಟಿನಲ್ಲಿರುವವರು ಮಾಲಿಯವರಿಗೆ ಹೇಳಿಟ್ಟರೆ ಒಂದು ಗರಿ ಎತ್ತಿಡುತ್ತಾರೆ. ಮದುವೆ ಸುಗ್ಗಿಯಾದ್ದರಿಂದ ಹೂವಿನ ಮಾರುಕಟ್ಟೆಯಲ್ಲೂ ಚಪ್ಪರದ ಗರಿ ಸಿಗುತ್ತದೆ. ಆಗಷ್ಟೇ ಕಡಿದ ಎಲೆ ಸೆಟೆದಿರುತ್ತದೆ. ನೆರಳಲ್ಲಿ ಸ್ವಲ್ಪ ಹೊತ್ತು ಬಾಡಲು ಬಿಟ್ಟರೆ ಮಾತು ಕೇಳುತ್ತದೆ. ಮಾರನೆಯ ದಿನಕ್ಕೆ ಉಳಿಸಬೇಕಾದರೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ.

ಕಡ್ಡಿ ಬಿಡಿಸುವುದು ಮೊದಲ ಪಾಠ. ಎಲೆಯ ದಪ್ಪ ತುದಿಯಲ್ಲಿ, ಕಡ್ಡಿಯ ಒತ್ತಿಗೆ ಉಗುರಿನಿಂದ ಚುಚ್ಚಿ ನಿಧಾನವಾಗಿ ಎಳೆದರೆ ಎಲೆಯ ಅರ್ಧ ಬೇರೆಯಾಗಿ ಬರುತ್ತದೆ. ಇನ್ನೊಂದು ಮಗ್ಗುಲೂ ಹಾಗೆಯೇ. ಅವಸರಪಟ್ಟರೆ ಸೀಳು ಓರೆಯಾಗಿ ಪಟ್ಟಿ ಮಧ್ಯದಲ್ಲೇ ತುಂಡಾಗುತ್ತದೆ. ಒಂದೇ ಹದದಲ್ಲಿ ಎಳೆದರೆ ಆಳುದ್ದದ ಅರ್ಧದಷ್ಟು ಪಟ್ಟಿ ಇಡಿಯಾಗಿ ಕೈಗೆ ಬರುತ್ತದೆ. ಎಲೆಯ ಅಂಚು ಕಾಗದದಂತೆ ಬೆರಳು ಕೊಯ್ಯಬಲ್ಲದು. ಆದ್ದರಿಂದ ಅಂಚಿನ ಮೇಲೆ ಬೆರಳು ಜಾರಿಸದೆ, ಎಲೆಯ ಅಗಲವನ್ನು ಹಿಡಿದು ಎಳೆಯುವುದನ್ನು ಮೊದಲೇ ಕಲಿಸಬೇಕು. ಚಾಕು ಬೇಕಾದಲ್ಲಿ ದೊಡ್ಡವರ ಕೈಯಲ್ಲಿರಲಿ.

ಪುಟ್ಟ ಮಕ್ಕಳಿಗೆ ಉಂಗುರ, ಕೈಗಡಿಯಾರ, ಕನ್ನಡಕ ಸಾಕು. ಅವು ನೋಡಿದರೆ ಬರುತ್ತವೆ, ವಿವರಿಸುವಂಥದ್ದೇನಿಲ್ಲ. ಸ್ವಲ್ಪ ನಿಂತು ನೋಡಬೇಕಾದದ್ದು ಪೀಪಿ.

ಅರ್ಧ ಎಲೆಯ ಒಂದು ಪಟ್ಟಿ ತೆಗೆದುಕೊಂಡು ಅದರ ಕಿರಿದಾದ ತುದಿಯನ್ನು ಸಣ್ಣ ಕೊಳವೆಯಾಗಿ ಸುರುಳಿ ಸುತ್ತಿ. ಎರಡನೆಯ ಸುತ್ತು ಮೊದಲನೆಯದರ ಮೇಲೆ ಅರ್ಧ ಕೂತು ಅರ್ಧ ಮುಂದೆ ಚಾಚಬೇಕು. ಹೀಗೆ ಓರೆಯಾಗಿ ಸುತ್ತುತ್ತ ಹೋದರೆ ಕೊಳವೆ ಮುಂದಕ್ಕೆ ಬೆಳೆಯುತ್ತ ಅಗಲವಾಗುತ್ತ ಕಹಳೆಯ ಆಕಾರ ತಾಳುತ್ತದೆ. ಕೊನೆಯ ಅಂಚಿಗೆ ಒಂದು ಚೂರು ಕಡ್ಡಿ ಚುಚ್ಚಿದರೆ ಬಿಚ್ಚಿಕೊಳ್ಳುವುದಿಲ್ಲ. ಈಗ ಊದುವ ತುದಿಯನ್ನು ಬೆರಳುಗಳ ನಡುವೆ ಮೆಲ್ಲಗೆ ಒತ್ತಿ ಚಪ್ಪಟೆ ಮಾಡಬೇಕು, ಎಲೆಯ ಎರಡು ಪದರಗಳ ನಡುವೆ ಉಗುರಿನ ದಪ್ಪದ ಸಂದು ಮಾತ್ರ ಉಳಿಯುವಂತೆ. ತೀರ ಒತ್ತಿದರೆ ಉಸಿರು ಹೋಗುವುದಿಲ್ಲ. ಒತ್ತದಿದ್ದರೆ ಬರೀ ಗಾಳಿ ಬರುತ್ತದೆ, ದನಿ ಬರುವುದಿಲ್ಲ. ಆ ಹದ ಸಿಕ್ಕಿತೆಂದರೆ ಇಡೀ ಬೀದಿಗೆ ಕೇಳಿಸುತ್ತದೆ.

ಅಲ್ಲಿ ನಡೆಯುವುದಿಷ್ಟು: ಉಸಿರು ನುಗ್ಗಿದಾಗ ಎರಡು ಪದರಗಳು ಹತ್ತಿರ ಬಂದು ಸಂದು ಮುಚ್ಚುತ್ತವೆ, ಎಲೆಯ ಬಿಗುವಿನಿಂದ ಮತ್ತೆ ತೆರೆಯುತ್ತವೆ. ಕ್ಷಣಕ್ಕೆ ನೂರಾರು ಸಲ ಹೀಗೆ ಆಗುವುದೇ ನಾದ. ನಮ್ಮ ದೇವಸ್ಥಾನ, ಮದುವೆಮನೆಗಳ ನಾದಸ್ವರದ ತುದಿಯಲ್ಲಿರುವ ಜೋಡಿನಾಲಿಗೆ ಕೆಲಸ ಮಾಡುವುದೂ ಹೀಗೆಯೇ, ಶಹನಾಯಿಯದೂ ಹೀಗೆಯೇ. ಅದೇ ಸೂತ್ರ ಆರು ವರ್ಷದ ಮಗುವಿನ ಬೆರಳ ತುದಿಯಲ್ಲಿ ಸಿದ್ಧವಾಗುತ್ತದೆ ಎಂಬುದು ನನಗೆ ಯಾವತ್ತೂ ಅಚ್ಚರಿಯ ವಿಷಯ. ಎರಡು ಪೀಪಿ ಮಾಡಿಸಿ, ಒಂದು ಗಿಡ್ಡ, ಒಂದು ಉದ್ದ. ಗಿಡ್ಡದ್ದು ಕೀರಲು, ಉದ್ದದ್ದು ಗಡಸು. ಯಾಕೆ ಎಂದು ಮಗುವೇ ಕೇಳಲಿ, ತಕ್ಷಣ ಉತ್ತರ ಕೊಡಬೇಡಿ. ಇನ್ನೂ ಉದ್ದದ್ದನ್ನು ಮಾಡಿ ನೋಡಲು ಹೇಳಿ.

ಗಿರಗಿಟ್ಟಲೆಗೆ ಒಂದೇ ಅಗಲದ, ಗೇಣುದ್ದದ ನಾಲ್ಕು ಪಟ್ಟಿ ಬೇಕು. ನಾಲ್ಕನ್ನೂ ನಡುವಿಗೆ ಮಡಿಸಿ ಜೋಡಿಕಾಲು ಮಾಡಿಕೊಳ್ಳಬೇಕು. ಮೊದಲನೆಯದನ್ನು ನೆಟ್ಟಗೆ ಹಿಡಿದು, ಎರಡನೆಯದು ಅದನ್ನು ತನ್ನ ಎರಡು ಕಾಲುಗಳ ನಡುವೆ ಅಡ್ಡಲಾಗಿ ತಬ್ಬುವಂತೆ ಇಡಿ. ಮೂರನೆಯದು ಎರಡನೆಯದನ್ನು ತಬ್ಬಲಿ. ನಾಲ್ಕನೆಯದು ಮೂರನೆಯದನ್ನು ತಬ್ಬಿ, ತನ್ನ ತುದಿಗಳನ್ನು ಮೊದಲನೆಯದರ ಮಡಿಕೆಯೊಳಗೆ ತೂರಿಸಲಿ. ನಾಲ್ಕೂ ಕಡೆಯಿಂದ ಸಮನಾಗಿ ಎಳೆದರೆ ನಡುವೆ ಒಂದು ಅಚ್ಚುಕಟ್ಟಾದ ಚೌಕ, ನಾಲ್ಕು ದಿಕ್ಕಿಗೆ ನಾಲ್ಕು ರೆಕ್ಕೆ. ಚೌಕದ ನಡುವೆ ಮುಳ್ಳಿನಿಂದ ತೂತು ಮಾಡಿ ಕಡ್ಡಿ ತೂರಿಸಬೇಕು. ಕಡ್ಡಿ ಸಡಿಲವಾಗಿರಲಿ, ಬಿಗಿಯಾದರೆ ತಿರುಗುವುದಿಲ್ಲ. ಹಿಂದೆ ಮುಂದೆ ಎಲೆಯ ಚೂರು ಚುಚ್ಚಿದರೆ ಕಳಚಿ ಬೀಳುವುದಿಲ್ಲ. ಇನ್ನೊಂದು ಗುಟ್ಟಿದೆ: ರೆಕ್ಕೆಗಳನ್ನು ಒಂದೇ ಕಡೆಗೆ ಸ್ವಲ್ಪ ತಿರುಚಬೇಕು. ಚಪ್ಪಟೆಯಾಗಿಯೇ ಬಿಟ್ಟರೆ ಎಷ್ಟು ಓಡಿದರೂ ಅದು ಅಲುಗುವುದಿಲ್ಲ. ಒಂದು ರೆಕ್ಕೆ ಎಡಕ್ಕೆ, ಪಕ್ಕದ್ದು ಬಲಕ್ಕೆ ತಿರುಚಿದ್ದರೂ ಅಷ್ಟೇ, ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ.

ಇನ್ನು ಚೆಂಡು. ಈ ಎಲ್ಲ ಆಟಿಕೆಗಳಲ್ಲಿ ನನಗೆ ಹೆಚ್ಚು ಪ್ರೀತಿ ಇದರ ಮೇಲೆ. ಚೆಂಡೆಂದರೂ ಇದು ಉರುಟಲ್ಲ, ಲೂಡೊ ದಾಳದ ಹಾಗೆ ಆರು ಮುಖದ ಘನ. ದೊಡ್ಡ ಚೆಂಡು ಹೆಣೆಯಲು ಪಳಗಿದ ಕೈ ಬೇಕು. ಮಕ್ಕಳಿಗೆ ಮೂರು ಪಟ್ಟಿಯ ಸಣ್ಣ ಚೆಂಡು ಸರಿ. ಎಲೆಯಲ್ಲಿ ಮಾಡುವ ಮುನ್ನ ಕಾಗದದಲ್ಲಿ ಅಭ್ಯಾಸ ಮಾಡಿಸುವುದು ಒಳ್ಳೆಯದು. ಮನೆಯಲ್ಲಿ ರಾಶಿ ಬಿದ್ದಿರುವ ಲಗ್ನಪತ್ರಿಕೆಗಳು ಇದಕ್ಕೆ ಹೇಳಿ ಮಾಡಿಸಿದ್ದು.

ಒಂದೇ ಅಗಲದ ಮೂರು ಪಟ್ಟಿ. ಉದ್ದ, ಅಗಲದ ಐದರಷ್ಟು. ಕೂದಲೆಳೆಯಷ್ಟು ಹೆಚ್ಚಿದ್ದರೆ ಅಡ್ಡಿಯಿಲ್ಲ. ಎಲೆಯ ಪಟ್ಟಿ ಎರಡು ಸೆಂಟಿಮೀಟರ್ ಅಗಲವಿದ್ದರೆ ಉದ್ದ ಹತ್ತು. ಪ್ರತಿ ಪಟ್ಟಿಯನ್ನೂ ಅಗಲಕ್ಕೆ ಸರಿಯಾಗಿ ಮಡಿಸುತ್ತ ಹೋದರೆ ನಾಲ್ಕು ಮಡಿಕೆ, ಐದು ಚೌಕ ಆಗುತ್ತವೆ. ಹೊಳೆಯುವ ಮೈ ಹೊರಗಿರಲಿ. ಮೊದಲ ಪಟ್ಟಿಯ ಮೊದಲ ಚೌಕದ ಮೇಲೆ ಐದನೆಯದನ್ನು ಕೂರಿಸಿದರೆ ಎರಡು ಬದಿ ತೆರೆದ ಪುಟ್ಟ ಪೆಟ್ಟಿಗೆ. ಆ ಜೋಡಿ ಚೌಕ ನಿಮ್ಮ ಕಡೆಗಿರುವಂತೆ ಹಿಡಿದುಕೊಳ್ಳಿ. ಒಳಗೆ ಎರಡು ಹುಣಸೆ ಬೀಜ ಹಾಕುವುದಾದರೆ ಇದೇ ಸಮಯ.

ಎರಡನೆಯ ಪಟ್ಟಿ ಎಡಗಡೆಯ ತೆರೆದ ಬದಿಯಿಂದ ಹೊರಟು, ನಿಮ್ಮ ಕಡೆಯ ಜೋಡಿ ಚೌಕದ ಮೇಲೆ ಹಾದು, ಬಲಬದಿ ಮುಚ್ಚಿ, ಹಿಂಬದಿ ಬಳಸಿ, ಮತ್ತೆ ಎಡಕ್ಕೆ ಬಂದು ತನ್ನ ಮೇಲೆ ತಾನೇ ಕೂರುತ್ತದೆ. ಇಷ್ಟಾದಾಗ ಆರೂ ಮುಖಗಳು ಮುಚ್ಚಿರುತ್ತವೆ. ಮಗು "ಆಯ್ತು" ಎನ್ನುತ್ತದೆ. ಕೈ ಬಿಡಲು ಹೇಳಿ, ಬಿಚ್ಚಿಕೊಂಡು ಬೀಳುತ್ತದೆ. ಮತ್ತೆ ಹಿಡಿದುಕೊಂಡು ಮೂರನೆಯ ಪಟ್ಟಿ ಎತ್ತಿಕೊಳ್ಳಬೇಕು. ಅದರ ಒಂದು ತುದಿಯನ್ನು ಮೇಲ್ಮುಖದಲ್ಲಿ ಮೊದಲ ಪಟ್ಟಿಯ ಅಡಿಗೆ ತೂರಿಸಿ, ಎಡಕ್ಕೆ ಇಳಿಸಿದರೆ ಅದು ಎರಡನೆಯ ಪಟ್ಟಿಯ ಜೋಡಿ ಚೌಕವನ್ನು ಒತ್ತಿ ಹಿಡಿಯುತ್ತದೆ. ಅಲ್ಲಿಂದ ಕೆಳಮುಖದಲ್ಲಿ ಮತ್ತೆ ಮೊದಲ ಪಟ್ಟಿಯ ಅಡಿಗೆ ನುಸುಳಿಸಿ ಬಲಕ್ಕೆ ತೆಗೆಯಬೇಕು. ನುಸುಳಿಸುವ ಈ ಜಾಗದಲ್ಲಿ ಕಡ್ಡಿಯಿಂದ ಸ್ವಲ್ಪ ಎತ್ತಿ ದಾರಿ ಮಾಡಿಕೊಡಬೇಕಾಗುತ್ತದೆ. ಮಕ್ಕಳ ಸಹನೆ ಪರೀಕ್ಷೆಗೆ ಬೀಳುವುದು ಇಲ್ಲೇ. ಬಲಬದಿಯಲ್ಲಿ ಎರಡನೆಯದರ ಮೇಲೆ ಹತ್ತಿ, ಕೊನೆಯ ಚೌಕ ಮತ್ತೆ ಮೇಲ್ಮುಖದ ಮೊದಲ ಪಟ್ಟಿಯ ಅಡಿಗೆ ಹೋಗಿ ಅಡಗುತ್ತದೆ.

ಈಗ ಕೈ ಬಿಟ್ಟರೂ ಬಿಚ್ಚುವುದಿಲ್ಲ. ಗೋಡೆಗೆ ಎಸೆಯಿರಿ, ಹಿಡಿಯಿರಿ, ಏನೂ ಆಗುವುದಿಲ್ಲ. ಯಾಕೆಂದರೆ ಎರಡನೆಯ ಪಟ್ಟಿ ಮೊದಲನೆಯದರ ಮೇಲಿದೆ, ಮೂರನೆಯದು ಎರಡನೆಯದರ ಮೇಲಿದೆ, ಮೊದಲನೆಯದು ಮೂರನೆಯದರ ಮೇಲಿದೆ. ಮೂವರಲ್ಲಿ ಎಲ್ಲರಿಗಿಂತ ಮೇಲಿನವರು ಯಾರೂ ಇಲ್ಲ. ಒಂದೊಂದರ ಸಡಿಲ ತುದಿಯೂ ಇನ್ನೊಂದರ ಮೈಯಡಿ ಬಂಧಿ. ಯಾವುದಾದರೂ ಒಂದನ್ನು ಎಳೆದು ತೆಗೆದರೆ ಉಳಿದೆರಡೂ ಕಳಚಿಕೊಳ್ಳುತ್ತವೆ. ಒಂದು ಪಟ್ಟಿ ಹಸಿರು, ಒಂದು ಹಳದಿ, ಒಂದು ಒಣಗಿದ ಕಂದು ಬಣ್ಣದ್ದಾಗಿ ಆರಿಸಿಕೊಂಡರೆ ಇನ್ನೊಂದು ಚೆಂದ ಕಾಣಿಸುತ್ತದೆ: ಎದುರುಬದುರು ಮುಖಗಳು ಯಾವಾಗಲೂ ಒಂದೇ ಬಣ್ಣ. ಒಣಗಿದ ಪಟ್ಟಿಯನ್ನು ಮಾತ್ರ ನೀರಲ್ಲಿ ನೆನೆಸಿ ಮೆತ್ತಗೆ ಮಾಡಿಕೊಳ್ಳದಿದ್ದರೆ ಮಡಿಕೆಯಲ್ಲಿ ಮುರಿಯುತ್ತದೆ.

ಎಲೆ ಹೆಣೆಯುವ ಈ ಬುದ್ಧಿ ತೆಂಗು ಬೆಳೆಯುವ ನಾಡುಗಳಲ್ಲೆಲ್ಲ ಇದೆ. ಇಂಡೊನೇಷ್ಯಾ, ಮಲೇಷ್ಯಾಗಳಲ್ಲಿ ಎಳೆಗರಿಯ ಪಟ್ಟಿಗಳಿಂದ ಪುಟ್ಟ ಚೀಲ ಹೆಣೆದು, ಒಳಗೆ ಅಕ್ಕಿ ಹಾಕಿ ಬೇಯಿಸುತ್ತಾರೆ. ಅದರ ಹೆಸರು ಕೆಟುಪಟ್, ರಂಜಾನ್ ಹಬ್ಬದ ಊಟಕ್ಕೆ ಅದು ಬೇಕೇ ಬೇಕು. ನಮ್ಮ ಕರಾವಳಿಯ ಅಡುಗೆಮನೆಯಲ್ಲಿ ಮುಂಡಕದ ಎಲೆ ಸುತ್ತಿ ಮೂಡೆ ಮಾಡುವುದು, ಹಲಸಿನೆಲೆ ನಾಲ್ಕು ಸೇರಿಸಿ ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟುವುದು ಇದರ ಅಕ್ಕತಂಗಿಯರು. ಕೊಟ್ಟೆ ಕಟ್ಟಬಲ್ಲ ಅಜ್ಜಿಯ ಪಕ್ಕ ಮೊಮ್ಮಕ್ಕಳನ್ನು ಕೂರಿಸಿದರೆ ರಜೆಯ ಒಂದು ಬೆಳಗ್ಗೆ ಸಾರ್ಥಕ. ಸಂಜೆಗೆ ಕಡುಬೂ ಆಗುತ್ತದೆ. ತೆಂಗು ಸಿಗದ ಕಡೆ ಹಲಸಿನೆಲೆಯಲ್ಲೇ ಕಿರೀಟ ಮಾಡಬಹುದು. ಎಲೆಯ ತೊಟ್ಟು ಮುರಿದು, ಆ ತೊಟ್ಟನ್ನೇ ಸೂಜಿಯಾಗಿ ಬಳಸಿ, ಒಂದು ಎಲೆಯನ್ನು ಮುಂದಿನದಕ್ಕೆ ಚುಚ್ಚುತ್ತ ಹೋದರೆ ತಲೆ ಸುತ್ತಳತೆಯ ಮಾಲೆ ಸಿದ್ಧ.

ಇಂಥ ಆಟಿಕೆಗಳನ್ನು ಗಂಭೀರವಾಗಿ ನೋಡಿದವರು ನಮ್ಮಲ್ಲಿದ್ದಾರೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿಸುತ್ತಿದ್ದ ಸುದರ್ಶನ್ ಖನ್ನಾ ದೇಶದ ಜನಪದ ಆಟಿಕೆಗಳನ್ನು ಕಲೆಹಾಕಿ, ಅವುಗಳೊಳಗಿನ ವಿಜ್ಞಾನವನ್ನು ಬಿಡಿಸಿ ತೋರಿಸಿ ಪುಸ್ತಕ ಮಾಡಿದರು. ಐಐಟಿ ಕಾನ್ಪುರದಲ್ಲಿ ಓದಿದ ಅರವಿಂದ ಗುಪ್ತ ಎಸೆಯುವ ವಸ್ತುಗಳಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವುದನ್ನೇ ಬದುಕಿನ ಕೆಲಸ ಮಾಡಿಕೊಂಡರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮುರಿದು ನೋಡಬಹುದಾದ, ಮತ್ತೆ ಮಾಡಬಹುದಾದ ಆಟಿಕೆಯೇ ಒಳ್ಳೆಯ ಆಟಿಕೆ ಎಂಬುದು ಅವರ ಕೆಲಸದಲ್ಲೆಲ್ಲ ಕಾಣುವ ನಂಬಿಕೆ. ತೆಂಗಿನ ಗರಿಯ ಚೆಂಡು ಈ ಮಾತಿಗೆ ಪೂರ್ತಿ ಒಪ್ಪುತ್ತದೆ.

ಆದರೆ ಅದು ಬಾಳುವುದು ಒಂದೆರಡು ದಿನ. ಹಸಿ ಎಲೆ ಒಣಗುತ್ತ ಅಗಲದಲ್ಲಿ ಕುಗ್ಗುತ್ತದೆ, ಪಟ್ಟಿಗಳ ನಡುವೆ ಸಂದು ಬಿಡುತ್ತದೆ, ಬಿಗು ಹೋಗುತ್ತದೆ. ಪೀಪಿಯಂತೂ ಸಂಜೆಗೇ ಗಂಟಲು ಕಟ್ಟಿಕೊಳ್ಳುತ್ತದೆ. ಕೆಲವು ತಂದೆತಾಯಿ ಇದನ್ನು ಕೊರತೆ ಎಂದುಕೊಳ್ಳುತ್ತಾರೆ. ನಾನು ಹಾಗೆ ಎಣಿಸುವುದಿಲ್ಲ. ಒಣಗಿದ್ದರಿಂದಲೇ ಮಗು ಮತ್ತೊಂದು ಮಾಡುತ್ತದೆ. ಎರಡನೆಯ ಚೆಂಡಿನಲ್ಲಿ ಮಡಿಕೆ ನೇರವಾಗುತ್ತದೆ, ಮೂರನೆಯದರಲ್ಲಿ ಕಡ್ಡಿಯ ಸಹಾಯ ಬೇಕಾಗುವುದಿಲ್ಲ, ಆಮೇಲೆ ಕೈ ತಾನೇ ದಾರಿ ನೋಡಿಕೊಳ್ಳುತ್ತದೆ. ಆಟಿಕೆ ಹೋದರೂ ಬೆರಳಿಗೆ ಬಂದದ್ದು ಬೆರಳಲ್ಲೇ ಉಳಿಯುತ್ತದೆ.

ಕಲಿಸುವವರು ಗಮನಿಸಬೇಕಾದ ಒಂದು ಸಣ್ಣ ಸಂಗತಿ. ಮಗುವಿನ ಎದುರಿಗೆ ಕೂರಬೇಡಿ, ಪಕ್ಕದಲ್ಲಿ ಕೂರಿ. ಎದುರಿಗೆ ಕೂತರೆ ನಿಮ್ಮ ಎಡ ಅದಕ್ಕೆ ಬಲವಾಗಿ, ಮೂರನೆಯ ಪಟ್ಟಿಗೆ ಬರುವಷ್ಟರಲ್ಲಿ ತಲೆ ಗೊಂದಲವಾಗುತ್ತದೆ. ಪಕ್ಕದಲ್ಲಿ ಕೂತು, ನಿಮ್ಮ ಕೈಯಲ್ಲೊಂದು, ಅದರ ಕೈಯಲ್ಲೊಂದು ಹಿಡಿದು, ಒಂದೊಂದೇ ಹೆಜ್ಜೆ ಒಟ್ಟಿಗೆ ಇಡಿ. ಎಡಗೈ ಬಳಸುವ ಮಗುವಾದರೆ ಮಾತ್ರ ಎದುರಿಗೆ ಕೂರುವುದೇ ಅನುಕೂಲ, ಕನ್ನಡಿಯಲ್ಲಿ ಕಂಡಂತೆ ಹೊಂದುತ್ತದೆ. ಮಗುವಿನ ಕೈಯಿಂದ ಎಲೆ ಕಿತ್ತುಕೊಂಡು "ಕೊಡಿಲ್ಲಿ, ನಾನು ಮಾಡ್ತೀನಿ" ಎನ್ನುವ ಆಸೆ ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಿ. ಓರೆಕೋರೆಯಾದ ಚೆಂಡೂ ಎಸೆದರೆ ಹಾರುತ್ತದೆ.

ಹತ್ತು ಹನ್ನೆರಡು ವರ್ಷದವರಿಗೆ ಹಾವು ಇದೆ. ಎರಡು ಎಲೆಗಳ ಕಡ್ಡಿ ತೆಗೆದು, ಬುಡದಲ್ಲಿ ಮಾತ್ರ ಕೂಡಿರುವಂತೆ ಸೀಳಿದರೆ ನಾಲ್ಕು ಎಳೆ. ಬೆರಳನ್ನೇ ಅಚ್ಚು ಮಾಡಿಕೊಂಡು ಎರಡನ್ನು ಬಲಕ್ಕೆ, ಎರಡನ್ನು ಎಡಕ್ಕೆ ಓರೆಯಾಗಿ ಸುತ್ತುತ್ತ, ಒಂದರ ಮೇಲೆ ಒಂದರ ಕೆಳಗೆ ಹಾಯಿಸುತ್ತ ಹೋದರೆ ಕೊಳವೆಯಂಥ ಹೆಣಿಗೆ ಸಿಗುತ್ತದೆ. ಇದರ ಬಾಯಲ್ಲಿ ತಮ್ಮನ ಬೆರಳಿಟ್ಟು ಬಾಲ ಎಳೆದರೆ ಹಾವು ಬೆರಳನ್ನು ಕಚ್ಚಿ ಹಿಡಿಯುತ್ತದೆ, ಎಳೆದಷ್ಟೂ ಬಿಗಿ. ಓರೆ ಎಳೆಗಳು ಉದ್ದಕ್ಕೆ ಜಗ್ಗಿದಾಗ ಒಂದಕ್ಕೊಂದು ಹತ್ತಿರ ಬಂದು ಕೊಳವೆ ಸಣ್ಣದಾಗುವುದು ಇದಕ್ಕೆ ಕಾರಣ. ಬಿಡಿಸಿಕೊಳ್ಳಬೇಕಾದರೆ ಎಳೆಯುವುದನ್ನು ನಿಲ್ಲಿಸಿ ಒಳಕ್ಕೆ ತಳ್ಳಬೇಕು.

ಕೊನೆಗೆ ಉಳಿದ ಗರಿಗೂ ಕೆಲಸವಿದೆ. ನಡುದಿಂಡನ್ನು ದೊಡ್ಡವರು ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿಕೊಡಲಿ. ಒಂದು ಹೋಳನ್ನು ನೆಲದ ಮೇಲೆ ಹಾಸಿ, ಎಲೆಗಳನ್ನು ಒಂದು ಬಿಟ್ಟು ಒಂದರಂತೆ ಎತ್ತಿ, ಪಕ್ಕದ್ದನ್ನು ಅಡ್ಡ ಮಡಿಸಿ ಕೆಳಗೆ ಹಾಯಿಸುತ್ತ ಹೋದರೆ ಚಪ್ಪರಕ್ಕೆ ಹಾಕುವಂಥ ತಟ್ಟಿಯಾಗುತ್ತದೆ. ಇದು ಒಬ್ಬರ ಕೆಲಸವಲ್ಲ. ಅಕ್ಕ ಒಂದು ತುದಿಯಿಂದ, ತಮ್ಮ ಇನ್ನೊಂದು ತುದಿಯಿಂದ ಶುರುಮಾಡಿದರೆ ನಡುವೆ ಭೇಟಿಯಾಗುತ್ತಾರೆ. ಅಂಥ ನಾಲ್ಕು ತಟ್ಟಿಗಳನ್ನು ಎರಡು ಕುರ್ಚಿಗಳ ಮೇಲೆ ಅಡ್ಡ ಹಾಕಿದರೆ ಅಂಗಳದಲ್ಲೋ ಬಾಲ್ಕನಿಯಲ್ಲೋ ಮಕ್ಕಳದೇ ಒಂದು ಮನೆ. ಎಲೆಯಿಂದ ಬಿಡಿಸಿದ ಕಡ್ಡಿಗಳನ್ನು ಎಸೆಯದೆ ಒಟ್ಟುಮಾಡಿಡಿ. ಬಿಸಿಲಲ್ಲಿ ಒಣಗಿಸಿ, ಬುಡ ಸಮ ಮಾಡಿ ಬಿಗಿಯಾಗಿ ಕಟ್ಟಿದರೆ ಆ ಮನೆ ಗುಡಿಸಲು ಪೊರಕೆಯೂ ಆಯಿತು.